ಸೀಸದ ಗೋಡೆಯ ಹಿಂದೆ ನಿಂತವರು

ಸೀಸದ ಇಟ್ಟಿಗೆಯನ್ನು ಹೇಗೆ ಎತ್ತಬೇಕೆಂದು ನನಗೆ ಕಲಿಸಿದವರು ಅವರು. ನೋಡಲು ಮನೆ ಕಟ್ಟುವ ಇಟ್ಟಿಗೆಗಿಂತ ಚಿಕ್ಕದು, ತೂಕ ಮಾತ್ರ ಹನ್ನೊಂದು ಕಿಲೋ. ಜಪಾನಿನ ತ್ಸುಕುಬಾಗೆ ಬಂದ ಮೊದಲ ವಾರವೇ ಒಂದನ್ನು ಒಂಟಿ ಕೈಯಲ್ಲಿ ಎತ್ತಲು ಹೋಗಿ ಬೆರಳು ಜಜ್ಜಿಕೊಂಡಿದ್ದೆ. ಅವರು ಬಂದರು, ಬೈಯಲಿಲ್ಲ. ಮಂಡಿ ಬಗ್ಗಿಸಿ ಕೂತು, ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಎದ್ದು ತೋರಿಸಿದರು. "ಮಗುವನ್ನು ಎತ್ತಿಕೊಳ್ಳುತ್ತೀರಲ್ಲ, ಹಾಗೆ," ಎಂದರು, ನನಗೆ ಅರ್ಥವಾಗಲೆಂದು ನಿಧಾನವಾದ ಜಪಾನಿಯಲ್ಲಿ. ಆಗ ನನ್ನ ಮಗಳಿಗೆ ಎರಡು ವರ್ಷ. ಅವತ್ತಿನಿಂದ ಇಟ್ಟಿಗೆ ನನ್ನ ಕೈಯಿಂದ ಜಾರಿಲ್ಲ.

ಅವರು ನಮ್ಮ ಪ್ರಯೋಗಾಲಯದ ತಂತ್ರಜ್ಞರು. ಅರವತ್ತಕ್ಕೆ ನಿವೃತ್ತರಾಗಿ, ಮಾರನೆಯ ದಿನವೇ ವರ್ಷದೊಪ್ಪಂದದ ಮೇಲೆ ಅದೇ ಮೇಜಿಗೆ ವಾಪಸು ಬಂದವರು. ಇಲ್ಲಿ ಅದು ಸಾಮಾನ್ಯ. ಎಲ್ಲರೂ ಅವರ ಮನೆತನದ ಹೆಸರಿಗೆ ಗೌರವದ 'ಸಾನ್' ಸೇರಿಸಿ ಕರೆಯುತ್ತಿದ್ದರು. ನನ್ನ ಮಗಳು ಮಾತ್ರ 'ನೈಟ್ರೋಜನ್-ಸಾನ್' ಎಂದು ಹೊಸ ಹೆಸರಿಟ್ಟಳು, ಏಕೆಂದರೆ ಅವಳು ಅವರನ್ನು ನೋಡಿದಾಗಲೆಲ್ಲ ಅವರ ಕೈಯಲ್ಲಿದ್ದ ಕೊಳವೆಯಿಂದ ಬಿಳಿ ಹೊಗೆ ಬರುತ್ತಿತ್ತು. ಅವರಿಗೆ ಆ ಹೆಸರು ಬಹಳ ಹಿಡಿಸಿತು. ಫೋನಿನಲ್ಲಿ ನನ್ನ ಜೊತೆ ಮಾತು ಶುರು ಮಾಡುವಾಗ "ನಾನು, ನೈಟ್ರೋಜನ್" ಎನ್ನುತ್ತಿದ್ದರು.

ಆ ಹೊಗೆಯ ಕೆಲಸ ಏನೆಂದು ಹೇಳಿಬಿಡುತ್ತೇನೆ, ಮುಂದಿನದು ಅದರ ಮೇಲೆಯೇ ನಿಂತಿದೆ. ಪರಮಾಣುವಿನ ನಡುವಿನ ಬೀಜದಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾದಾಗ ಒಂದು ಎಲೆಕ್ಟ್ರಾನ್ ಹೊರಗೆ ಚಿಮ್ಮುತ್ತದೆ. ಇದೇ ಬೀಟಾ ಕ್ಷಯ. ಕೆಲವು ವಸ್ತುಗಳಲ್ಲಿ ಇದು ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. ನಾವು ಹುಡುಕುತ್ತಿದ್ದುದು ಅತ್ಯಂತ ಸೋಮಾರಿಯಾದ ಒಂದನ್ನು. ಅಂಗೈಯಗಲದ ಒಂದು ಲೋಹದ ಬಿಲ್ಲೆಯನ್ನು ಜರ್ಮೇನಿಯಂ ಹರಳಿನ ಮುಂದೆ ಇಟ್ಟು, ಸುತ್ತಲೂ ಸೀಸ ಕಟ್ಟಿ, ತಿಂಗಳುಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು. ಹರಳು ಸದಾ ಕೊರೆಯುವ ತಣ್ಣಗಿರಬೇಕು. ಅದಕ್ಕೆ ಪ್ರತಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಯಾರಾದರೂ ನೆಲಮಾಳಿಗೆಗೆ ಹೋಗಿ, ಕವಾಟದ ಹತ್ತಿರ ನಲವತ್ತು ನಿಮಿಷ ನಿಂತು ದ್ರವ ನೈಟ್ರೋಜನ್ ತುಂಬಿಸಬೇಕು. ಒಮ್ಮೆ ಬೆಚ್ಚಗಾಯಿತೋ, ಅಲ್ಲಿಯವರೆಗಿನ ಎಣಿಕೆ ಅಲ್ಲಿಗೇ ಮುಗಿಯಿತು.

ಸೀಸದ ಹೊರಗೆ, ಎದುರು ಗೋಡೆಯ ಮೇಲೆ, ಇನ್ನೊಂದು ಚಿಕ್ಕ ಉಪಕರಣ ತೂಗುಹಾಕಿದ್ದೆವು. ಅದನ್ನು ನಾವು ಕಾವಲುಗಾರ ಎನ್ನುತ್ತಿದ್ದೆವು. ಕೋಣೆಯಲ್ಲಿ ಎಲ್ಲಿಂದಾದರೂ ಬೇಡದ ವಿಕಿರಣ ಬಂದರೆ ಅದು ಬರೆದಿಡುತ್ತದೆ. ಮನೆಯಲ್ಲಿ ಕೂತೇ ನಾನು ಎರಡನ್ನೂ ನೋಡಬಹುದಿತ್ತು.

ಅವರ ಬಗ್ಗೆ ಇನ್ನೊಂದು ಹೇಳಬೇಕು. ಒಂದು ದೀಪಾವಳಿಗೆ ನಾನು ಚಕ್ಕುಲಿ ಕೊಟ್ಟೆ. ತಿನ್ನುವ ಮುಂಚೆ ಅದನ್ನು ಬೆಳಕಿಗೆ ಹಿಡಿದು ಸುತ್ತುಗಳ ನಡುವಿನ ಅಂತರ ನೋಡಿ, "ಯಾವ ಯಂತ್ರದಲ್ಲಿ ಮಾಡಿದ್ದು?" ಎಂದು ಕೇಳಿದರು. ಕೈಯಲ್ಲಿ ಎಂದಾಗ ನಂಬಲಿಲ್ಲ. ಮಾರನೆಯ ದಿನ ನನ್ನ ಅಮ್ಮ ಮೈಸೂರಿನಿಂದ ಕೊಟ್ಟು ಕಳಿಸಿದ್ದ ಹಿತ್ತಾಳೆಯ ಚಕ್ಕುಲಿ ಒರಳನ್ನೇ ಒಯ್ದು ತೋರಿಸಿದೆ. ನಕ್ಷತ್ರದ ತೂತಿನ ಬಿಲ್ಲೆ ಒಂದು ಕಡೆ ಸವೆದಿರುವುದನ್ನು ಕಂಡು, ಎರಡು ದಿನದಲ್ಲಿ ಉಕ್ಕಿನಲ್ಲಿ ಹೊಸದು ಕೊರೆದು ಕೊಟ್ಟರು. ಈಗಲೂ ನನ್ನ ಚಕ್ಕುಲಿ ಅದರಿಂದಲೇ ಬೀಳುವುದು. ಪ್ರತಿ ಚಳಿಗಾಲ ಅವರ ಹೆಂಡತಿ ಹಿತ್ತಲಲ್ಲಿ ಬೆಳೆದು ಒಣಗಿಸಿದ ಗೆಣಸಿನ ಪೊಟ್ಟಣ ನಮ್ಮ ಮನೆಗೆ ಬರುತ್ತಿತ್ತು.

ಕೊರೊನಾದ ಎರಡನೆಯ ವರ್ಷ ನೆಲಮಾಳಿಗೆಗೆ ಒಂದು ಸಲಕ್ಕೆ ಒಬ್ಬರೇ ಹೋಗಬೇಕೆಂದು ನಿಯಮವಾಯಿತು. ಮಗಳ ಶಾಲೆ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ನನ್ನ ಗಂಡ ಟೋಕಿಯೋದ ತೊಯೋಸುವಿನ ಕಂಪನಿಯ ಕೆಲಸವನ್ನು ಊಟದ ಮೇಜಿಗೆ ತಂದಿದ್ದರು. ಒಂದು ಮೇಜು, ಮೂರು ಪರದೆ, ಮೂವರ ಸಿಡುಕು. ನನ್ನ ಒಪ್ಪಂದ ಮಾರ್ಚಿಗೆ ಮುಗಿಯುವುದರಲ್ಲಿತ್ತು. ಏಳು ತಿಂಗಳು ಎಡೆಬಿಡದೆ ಎಣಿಕೆ ನಡೆದು ಒಂದು ಒಳ್ಳೆಯ ಫಲಿತಾಂಶ ಬಂದರೆ ಮುಂದಿನ ದಾರಿ, ಇಲ್ಲದಿದ್ದರೆ ಗಂಟುಮೂಟೆ. ನಾನು ಅವರ ಮುಂದೆ ಹೋಗಿ ಸೊಂಟ ಬಗ್ಗಿಸಿ ಕೇಳಿಕೊಂಡೆ: ಸೋಮವಾರ, ಗುರುವಾರ, ದಯವಿಟ್ಟು. ಅವರು ಮಾಸ್ಕಿನೊಳಗೇ ನಕ್ಕು, "ಬೆಚ್ಚಗಾಗಲು ಬಿಡುವುದಿಲ್ಲ," ಎಂದರು.

ಬೇಸಿಗೆಯುದ್ದಕ್ಕೂ ಒಂದು ದಿನ ತಪ್ಪಿಸಲಿಲ್ಲ. ಶರತ್ಕಾಲ ಬಂದಾಗ ಮೊದಲ ಬಾರಿಗೆ ಕೆಲವು ದಿನ ರಜೆ ಕೇಳಿದರು. ಕಾರಣ ಹೇಳಲಿಲ್ಲ, ಇಲ್ಲಿ ಯಾರೂ ಕೇಳುವುದೂ ಇಲ್ಲ. ಮೊದಲ ವಾರ ಎರಡು ಸಲ ನಾನೇ ಹೋದೆ. ಎರಡು ಸಲವೂ ಗಂಡ ಮೀಟಿಂಗ್ ಬಿಟ್ಟು ಮಗಳನ್ನು ನೋಡಿಕೊಳ್ಳಬೇಕಾಯಿತು, ಎರಡು ಸಲವೂ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ನಾನು ಅವರಿಗೆ ಒಂದು ಮೇಲ್ ಬರೆದೆ: "ಯಾವಾಗ ಬರುತ್ತೀರಿ? ನನಗೆ ಇದು ಬಹಳ ಕಷ್ಟವಾಗುತ್ತಿದೆ." ಅದೇ ದಿನ ಉತ್ತರ ಬಂತು. ಮುಂದಿನ ಸೋಮವಾರದಿಂದ ಬರುತ್ತೇನೆ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.

ಬಂದರು. ಆ ಸೋಮವಾರವೇ ಕಾವಲುಗಾರನ ಪರದೆಯ ಮೇಲೆ, ಯಾವತ್ತೂ ಇಲ್ಲದಲ್ಲಿ, ಒಂದು ಶಿಖರ ಎದ್ದಿತು.

ಶಿಖರ ನಿಂತಿದ್ದ ಜಾಗ ನೋಡಿದರೆ ಸಾಕು, ನಮ್ಮ ವಿದ್ಯಾರ್ಥಿಗಳೂ ಹೇಳುತ್ತಾರೆ, ವಿಕಿರಣದ ಅಯೋಡಿನ್ ಎಂದು. ಅದೂ ಬೀಟಾ ಕ್ಷಯದಿಂದಲೇ ಕರಗುವ ವಸ್ತು. ಇದ್ದುದು ಅರ್ಧವಾಗಲು ಎಂಟು ದಿನ; ಅದನ್ನೇ ಅರ್ಧಾಯುಷ್ಯ ಎನ್ನುತ್ತೇವೆ. ಅಣುಸ್ಥಾವರದ ದುರಂತದ ನಂತರ ಜಪಾನಿನಲ್ಲಿ ಅದರ ಹೆಸರು ತಿಳಿಯದ ಮನೆ ಇಲ್ಲ. ಆದರೆ ಅಷ್ಟು ಹಳೆಯದು ಇಷ್ಟು ವರ್ಷ ಉಳಿಯುವಂತಿಲ್ಲ, ಇದು ಹೊಸದು. ಶಿಖರ ಇದ್ದದ್ದು ಎಂಟು ನಲವತ್ತರಿಂದ ಒಂಬತ್ತು ಇಪ್ಪತ್ತರವರೆಗೆ. ಗುರುವಾರ ಮತ್ತೆ ಅದೇ ಹೊತ್ತಿಗೆ. ಕೋಣೆಯಲ್ಲಿ ಅವರೊಬ್ಬರೇ.

ನಾನು ಏನೆಂದುಕೊಂಡೆ? ಅವರು ಬೇರೆ ಕಟ್ಟಡಗಳಲ್ಲೂ ಚಿಲ್ಲರೆ ಕೆಲಸ ಮಾಡಿಕೊಡುತ್ತಿದ್ದರು. ಎಲ್ಲೋ ಅಯೋಡಿನ್ ಚೆಲ್ಲಿದ ಕಡೆ ಓಡಾಡಿ, ಬೂಟಿನಲ್ಲೋ ಕೋಟಿನಲ್ಲೋ ಮೆತ್ತಿಸಿಕೊಂಡು ನನ್ನ ಕೋಣೆಗೆ ಬರುತ್ತಿದ್ದಾರೆ ಎಂದುಕೊಂಡೆ. ನಲವತ್ತು ವರ್ಷ ಈ ಕೆಲಸ ಮಾಡಿದ ಮನುಷ್ಯ ಹಾಗೆ ಮಾಡಿಯಾರೇ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ವರ್ಷವಂತೂ ಯಾರು ಕೆಮ್ಮಿದರೂ ಅನುಮಾನ.

ಮುಂದಿನ ಸೋಮವಾರದಿಂದ ಶಿಖರದ ರೂಪ ಬದಲಾಯಿತು. ಅವರು ಬಾಗಿಲಿಂದ ಒಳಗೆ ಬರುವಾಗ ಒಂದು ಮೊನೆ, ಹೊರಗೆ ಹೋಗುವಾಗ ಒಂದು ಮೊನೆ, ನಡುವಿನ ನಲವತ್ತು ನಿಮಿಷ ಏನೂ ಇಲ್ಲ. ಆ ಶುಕ್ರವಾರ ಮಗಳನ್ನು ಗಂಡನ ಮಡಿಲಿಗೆ ಹಾಕಿ ಸೈಕಲ್ ಹತ್ತಿ ಹೋದೆ. ನೆಲ, ಬಾಗಿಲ ಹಿಡಿ, ಕೋಟಿನ ಕೊಕ್ಕೆ, ಬೂಟು, ಎಲ್ಲವನ್ನೂ ಕಾಗದದಿಂದ ಒರೆಸಿ ಅಳೆದೆ. ಏನೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಗೋಡೆ. ಕವಾಟಕ್ಕೂ ಕಾವಲುಗಾರನಿಗೂ ನಡುವೆ, ನಾನು ಹಿಂದೆ ಬಂದಾಗ ಇಲ್ಲದ, ಆಳೆತ್ತರದ ಸೀಸದ ಇಟ್ಟಿಗೆಯ ಗೋಡೆ. ಅದರ ಹಿಂದೆ ನೆಲದ ಮೇಲೆ ಹಳದಿ ಟೇಪಿನಲ್ಲಿ ಎರಡು ಪಾದದ ಗುರುತು. ಪಾದಗಳನ್ನು ನೋಡಿ ನಗು ಬಂತು. ಆ ದಿನಗಳಲ್ಲಿ ಕೊಂಬಿನಿ ಅಂಗಡಿ, ಬ್ಯಾಂಕು, ಎಲ್ಲಿ ಹೋದರೂ ನೆಲದ ಮೇಲೆ ಪಾದಗಳು, ಇಲ್ಲಿ ನಿಲ್ಲಿ, ದೂರ ಇರಿ ಎಂದು. ಒಬ್ಬರೇ ಇರುವ ಕೋಣೆಯಲ್ಲಿ ಇವರು ಯಾರಿಂದ ದೂರ ನಿಲ್ಲುತ್ತಾರೆ ಎಂದುಕೊಂಡೆ.

ಗೋಡೆಯನ್ನು ನೋಡಿ ಮಾತ್ರ ಮೈಯೆಲ್ಲ ಉರಿಯಿತು. ಅವರಿಗೆ ಗೊತ್ತಿದೆ. ಗೊತ್ತಿದ್ದೂ ಕಾವಲುಗಾರನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ಒರೆಸಿದಾಗ ಏನೂ ಸಿಗದಿದ್ದುದಕ್ಕೂ ನನ್ನ ಬಳಿ ಕಾರಣ ಸಿದ್ಧವಿತ್ತು: ಮೊದಲೇ ಒರೆಸಿಬಿಟ್ಟಿದ್ದಾರೆ.

ಮನೆಗೆ ಬಂದು ಬಾಗಿಲ ಬಳಿಯ ಮೊನೆಗಳನ್ನೆಲ್ಲ ಜೋಡಿಸಿ, ಅವು ಎಷ್ಟು ದಿನಕ್ಕೆ ಅರ್ಧವಾಗುತ್ತಿವೆ ಎಂದು ಗೆರೆ ಎಳೆದೆ. ಐದು ದಿನ ಎಂದು ಬಂತು. ಎಂಟಾಗಬೇಕಿತ್ತು. ಪುಸ್ತಕದಲ್ಲಿರುವ ಸಂಖ್ಯೆ ಎಂಟು, ಲೋಕವೆಲ್ಲ ಒಪ್ಪಿದ್ದು ಎಂಟು. ಹಾಗಾದರೆ ತಪ್ಪು ನನ್ನ ಬಿಂದುಗಳದ್ದು. ಇವರು ಒಂದು ದಿನ ಬೇಗ ನಡೆದಿದ್ದಾರೆ, ಒಂದು ದಿನ ನಿಧಾನ. ನಾವು ಇಂಥ ಕಡೆ ಮಾಡುವುದನ್ನೇ ಮಾಡಿದೆ. ಗೊತ್ತಿರುವ ಸಂಖ್ಯೆಯನ್ನು ಅಲುಗಾಡದಂತೆ ಕಟ್ಟಿಹಾಕಿ ಮತ್ತೆ ಗೆರೆ ಎಳೆದೆ. ಗೆರೆ ಬಿಂದುಗಳ ಮೇಲೆ ಸರಿಯಾಗಿ ಕೂರಲಿಲ್ಲ. ಪರವಾಗಿಲ್ಲ ಎಂದೆ.

ಗಂಡ ಪಕ್ಕದ ಪರದೆಯಿಂದ ತಲೆಯೆತ್ತಿ ಕೇಳಿದರು, "ಏನೇ, ಆವಾಗಿಂದ ಬುಸುಗುಡ್ತಾ ಇದೀಯ?"

ಹೇಳಿದೆ. ಕಳಿಸಲು ಬರೆದಿಟ್ಟಿದ್ದ ಮೇಲ್ ತೋರಿಸಿದೆ. ಅವರು ಓದಿದರು. ಆಮೇಲೆ, "ಇದನ್ನ ಇಡೀ ಗ್ರೂಪಿಗೆ ಯಾಕೆ ಕಳಿಸ್ತೀಯ? ಒಂದ್ಸಲ ಫೋನ್ ಮಾಡಿ ಕೇಳ್ಬಾರ್ದಾ? ವಯಸ್ಸಾದೋರು," ಎಂದರು.

"ಡೇಟಾ ಇದೆಯಲ್ಲ, ಕೇಳೋದೇನು ಬಂತು?"

"ನಿನ್ನಿಷ್ಟಪ್ಪ. ನಾನಾಗಿದ್ರೆ ಫೋನ್ ಮಾಡ್ತಿದ್ದೆ."

ನಾನು ಮಾಡಲಿಲ್ಲ. ಹೆಸರು ಬರೆಯಲಿಲ್ಲ, ಅಷ್ಟೇ ನನ್ನ ಸೌಜನ್ಯ. "ನೈಟ್ರೋಜನ್ ತುಂಬಿಸುವ ಹೊತ್ತಿನಲ್ಲಿ ಕೋಣೆಗೆ ಅಯೋಡಿನ್ ಬರುತ್ತಿದೆ. ಅದನ್ನು ಮರೆಮಾಡುವ ಪ್ರಯತ್ನವೂ ನಡೆದಿದೆ. ಸಂಬಂಧಪಟ್ಟವರು ವಿವರಣೆ ಕೊಡಬೇಕು." ಅವರಿಗೂ, ಉಳಿದ ಹದಿನಾಲ್ಕು ಜನಕ್ಕೂ ಹೋಯಿತು. ನೈಟ್ರೋಜನ್ ತುಂಬಿಸುವವರು ಒಬ್ಬರೇ ಎಂದು ಹದಿನಾಲ್ಕು ಜನಕ್ಕೂ ಗೊತ್ತಿತ್ತು.

ಒಂದು ಗಂಟೆಯೊಳಗೆ ಅವರ ಉತ್ತರ ಬಂತು, ಎಲ್ಲರಿಗೂ. ನನ್ನ ಅಜಾಗರೂಕತೆಯಿಂದ ಅಮೂಲ್ಯವಾದ ಮಾಪನಕ್ಕೆ ಧಕ್ಕೆಯಾಯಿತು. ಇದಕ್ಕೆ ನೆಪ ಹೇಳುವಂತಿಲ್ಲ. ಇಂದಿನಿಂದ ಆ ಕೋಣೆಗೆ ಬರುವುದಿಲ್ಲ. ಹೃತ್ಪೂರ್ವಕವಾಗಿ ಕ್ಷಮೆ ಕೇಳುತ್ತೇನೆ. ಅಷ್ಟೇ ಇತ್ತು, ವಿವರಣೆ ಇರಲಿಲ್ಲ. ಕೆಳಗೆ, ಕವಾಟ ಬಿಗಿಯಾದರೆ ಏನು ಮಾಡಬೇಕೆಂದು ನನಗಾಗಿ ನಾಲ್ಕು ಸಾಲು. ನಾನು ಗೆದ್ದೆ ಅಂದುಕೊಂಡೆ. ಉತ್ತರ ಬರೆಯಲಿಲ್ಲ.

ಅಲ್ಲಿಂದ ಮುಂದೆ ನಾನೇ ತುಂಬಿಸಿದೆ. ಮಗಳನ್ನು ಕೆಲವೊಮ್ಮೆ ಕರೆದುಕೊಂಡು ಹೋಗಿ ಮೇಲಿನ ಮಹಡಿಯ ಬೆಂಚಿನಲ್ಲಿ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುತ್ತಿದ್ದೆ. ಶಿಖರ ಮತ್ತೆ ಏಳಲಿಲ್ಲ. ಅದು ನನ್ನ ವಾದಕ್ಕೆ ಇನ್ನೊಂದು ಸಾಕ್ಷಿಯಾಯಿತು. ಗೋಡೆಯನ್ನು ಕೆಡವಿದರೆ ಕೋಣೆಯ ಲೆಕ್ಕ ಬದಲಾಗುತ್ತದೆಂದು ಹಾಗೇ ಬಿಟ್ಟೆ. ಚಳಿಗಾಲದಲ್ಲಿ ನನ್ನ ಅಂಚೆ ಗೂಡಿನಲ್ಲಿ ಎಂದಿನಂತೆ ಒಣಗೆಣಸಿನ ಪೊಟ್ಟಣ ಇತ್ತು. ರಾಜಿಗೆ ಬಂದಿದ್ದಾರೆ ಎಂದುಕೊಂಡೆ. ಮಗಳು ಬಾಯಿ ತುಂಬ ಅಗಿಯುತ್ತ, "ನೈಟ್ರೋಜನ್-ಸಾನ್, ಗೆಂಕಿ?" ಎಂದಳು. ಚೆನ್ನಾಗಿದ್ದಾರಂತೆ, ತಿನ್ನು ಎಂದೆ. ಆ ಪೊಟ್ಟಣಕ್ಕೂ ಒಂದು ಅರಿಗಾತೋ ಬರೆಯಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಕಚೇರಿಯಿಂದ ಫೋನ್ ಬಂತು. ಅವರ ಹೆಂಡತಿ ಲಾಕರಿನಲ್ಲಿದ್ದ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಾರೆ, ನಿಮ್ಮನ್ನು ನೋಡಬೇಕಂತೆ. ಸಾಮಾನು ಯಾಕೆ ಎಂದು ಕೇಳಿದೆ. ಆಗ ಹೇಳಿದರು. ತೀರಿಕೊಂಡು ಹತ್ತು ದಿನವಾಗಿತ್ತು. ಸೋಂಕಿನ ಕಾಲ, ಮನೆಯವರಷ್ಟೇ ಸೇರಿ ಮುಗಿಸಿದ್ದರು.

ಗೇಟಿನ ಹೊರಗೆ, ಇಬ್ಬರೂ ಮಾಸ್ಕು ಹಾಕಿಕೊಂಡು, ಎರಡು ಮಾರು ದೂರದಲ್ಲಿ ನಿಂತೆವು. ಸಣ್ಣ ಮೈಕಟ್ಟಿನ ಹೆಂಗಸು. ಕೈಯಲ್ಲಿ ಅವರ ಅಳತೆಗೋಲಿನ ಪೆಟ್ಟಿಗೆ, ನೀಲಿ ಕೋಟು. ಆಕೆಯೇ ಮೊದಲು ಬಗ್ಗಿದರು.

"ನಿಮ್ಮ ಕೆಲಸಕ್ಕೆ ನಮ್ಮವರಿಂದ ಬಹಳ ತೊಂದರೆಯಾಯಿತಂತೆ. ಅದನ್ನು ಹೇಳಿ ಕ್ಷಮೆ ಕೇಳಬೇಕೆಂದೇ ಬಂದೆ."

ಆಕೆ ನಿಧಾನವಾಗಿ, ಅವರ ಹಾಗೆಯೇ, ನನಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದರು. ಥೈರಾಯ್ಡಿನಲ್ಲಿ ಶುರುವಾದದ್ದು, ಗೊತ್ತಾಗುವ ಹೊತ್ತಿಗೆ ಶ್ವಾಸಕೋಶಕ್ಕೆ ಹೋಗಿತ್ತು. ಆಸ್ಪತ್ರೆಯಲ್ಲಿ ಅಯೋಡಿನ್ ಮಾತ್ರೆ ನುಂಗಿಸಿ, ಬಾಗಿಲು ಹಾಕಿ ನಾಲ್ಕು ದಿನ ಒಂಟಿಯಾಗಿ ಇಟ್ಟಿದ್ದರು. ಹೊರಗೆ ಓಡಾಡಬಹುದು ಎಂದಮೇಲೂ ಎರಡು ವಾರ ಆ ಕೋಣೆಗೆ ಹೋಗಬಾರದೆಂದು ಕ್ಯಾಲೆಂಡರಿನಲ್ಲಿ ತಾವೇ ಗುರುತು ಹಾಕಿಕೊಂಡಿದ್ದರಂತೆ.

"ಆದರೆ ನಿಮಗೆ ಕಷ್ಟವಾಗುತ್ತಿದೆ ಎಂದು ಬೇಗ ಹೋದರು. ಮೊದಲ ದಿನವೇ ಬಂದು, 'ನಾನು ಆ ಹೆಣ್ಣುಮಗಳ ಮಾಪನ ಹಾಳು ಮಾಡುತ್ತಿದ್ದೇನೆ, ಪರದೆಯಲ್ಲಿ ಕಾಣುತ್ತಿದ್ದೇನೆ' ಎಂದರು. ಕಾಯಿಲೆಯ ವಿಷಯ ಹೇಳಿಬಿಡಿ ಎಂದೆ. ಹೇಳಿದರೆ ಒಳಗೆ ಬಿಡುವುದಿಲ್ಲ, ಅವಳ ಹರಳು ಬೆಚ್ಚಗಾಗುತ್ತದೆ ಎಂದರು. ತಪ್ಪು ನಮ್ಮವರದೇ, ಹೇಳಬೇಕಿತ್ತು." ಆಕೆ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಕೊನೆಯವರೆಗೂ ಅದನ್ನೇ ಕೇಳುತ್ತಿದ್ದರು. ನಿಮ್ಮಿಂದ ಏನಾದರೂ ಸುದ್ದಿ ಬಂತೇ ಎಂದು. ಮಾಪನ ಕೆಡಲಿಲ್ಲ ತಾನೆ?"

"ಇಲ್ಲ," ಎಂದೆ. "ಕೆಡಲಿಲ್ಲ."

"ಒಳ್ಳೆಯದಾಯಿತು," ಎಂದರು ಆಕೆ. "ಮನೆಗೆ ಹೋಗಿ ಅವರಿಗೆ ಹೇಳುತ್ತೇನೆ."

ಇಲ್ಲಿನವರು ಮನೆಯ ಪುಟ್ಟ ಪೂಜಾಗೂಡಿನ ಮುಂದೆ ಕೂತು ತೀರಿಕೊಂಡವರಿಗೆ ಆ ದಿನದ ಸುದ್ದಿ ಹೇಳುತ್ತಾರೆ. ನನ್ನ ಒಂದು ಮಾತನ್ನು ಹಾಗೆ ಒಯ್ದು ಹೇಳಬೇಕಾಗಿ ಬಂತು. ಅವರು ಇದ್ದಾಗ ನಾನೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆಕೆ ಬಸ್ಸಿನ ಕಡೆ ನಡೆದುಹೋದಮೇಲೆ ಅಲ್ಲೇ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ಕೂತು ಅತ್ತೆ. ಮಾಸ್ಕು ಒದ್ದೆಯಾಗಿ ಮುಖಕ್ಕೆ ಅಂಟಿಕೊಂಡಿತು.

ಮನೆಗೆ ಬಂದು ಹಳೆಯ ಕಡತ ತೆರೆದು, ಕಟ್ಟಿಹಾಕಿದ್ದ ಎಂಟನ್ನು ಬಿಚ್ಚಿಬಿಟ್ಟೆ. ಗೆರೆ ತಾನಾಗಿ ಬಂದು ಎಲ್ಲ ಬಿಂದುಗಳ ಮೇಲೂ ಕೂತಿತು. ಐದು ದಿನ. ಸೀಸೆಯಲ್ಲೋ ಕೋಟಿನ ಕಲೆಯಲ್ಲೋ ಕೂತ ಅಯೋಡಿನ್ ಅರ್ಧವಾಗಲು ಎಂಟು ದಿನವೇ ಬೇಕು. ಐದಕ್ಕೇ ಅರ್ಧವಾಗಬೇಕಾದರೆ ಅದು ನೀರು ಕುಡಿಯುವ, ಬೆವರುವ, ತನ್ನೊಳಗಿನದನ್ನು ದಿನವೂ ಹೊರಗೆ ಹಾಕುವ ಯಾವುದರಲ್ಲೋ ಇರಬೇಕು. ಒಬ್ಬ ಮನುಷ್ಯನಲ್ಲಿ. ಪದವಿ ತರಗತಿಯಲ್ಲಿ ಇದನ್ನು ನಾನೇ ಪಾಠ ಮಾಡಿದ್ದೇನೆ. ಡೇಟಾ ಸುಳ್ಳು ಹೇಳಿರಲಿಲ್ಲ. ಇದು ಕೊಳೆಯಲ್ಲ, ಕಾಯಿಲೆಯ ಮನುಷ್ಯ ಎಂದು ಅದು ಗೆರೆ ಎಳೆದ ದಿನವೇ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿ ಕೂತಿದ್ದೆ.

ಗಂಡ ಹಿಂದೆ ಬಂದು ನಿಂತು ಪರದೆ ನೋಡಿದರು. ನಾನು ಹೇಳಿದ್ದೆನಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. "ಕಾಫಿ ಮಾಡ್ಲಾ?" ಎಂದರು.

ಆ ಅಪರೂಪದ ಕ್ಷಯ ಕೊನೆಗೂ ನಮಗೆ ಕಾಣಲಿಲ್ಲ. ಇಷ್ಟು ಹುಡುಕಿದರೂ ಕಾಣಲಿಲ್ಲ ಎನ್ನುವುದೂ ನಮ್ಮ ಕಸುಬಿನಲ್ಲಿ ಒಂದು ಫಲಿತಾಂಶ, ಅದರಿಂದ ನನಗೆ ಇನ್ನೊಂದು ಕೆಲಸವೂ ಸಿಕ್ಕಿತು. ಪ್ರಬಂಧದಲ್ಲಿ ಅವರ ಆ ದಿನಗಳ ಬಗ್ಗೆ ಒಂದು ಸಾಲಿದೆ: ಕೋಣೆಯಲ್ಲಿ ತಾತ್ಕಾಲಿಕವಾಗಿ ವಿಕಿರಣ ಹೆಚ್ಚಿದ ಕೆಲವು ಅವಧಿಗಳನ್ನು ಕೈಬಿಡಲಾಗಿದೆ. ಬರೆದವಳು ನಾನೇ. ಕೃತಜ್ಞತೆಯ ಭಾಗದಲ್ಲಿ ಅವರ ಹೆಸರು ಹಾಕಿದೆ. ಹದಿನಾಲ್ಕು ಜನಕ್ಕೂ ನಡೆದದ್ದನ್ನು ಬರೆದು ನನ್ನ ತಪ್ಪು ಒಪ್ಪಿಕೊಂಡೆ. ಎಲ್ಲರೂ ಬಹಳ ಮರ್ಯಾದೆಯಿಂದ ಉತ್ತರಿಸಿದರು. ಹದಿನೈದನೆಯವರಿಗೆ ಅದು ತಲುಪುವಂತಿರಲಿಲ್ಲ.

ಮಾರ್ಚಿನಲ್ಲಿ ಕೋಣೆ ಖಾಲಿ ಮಾಡಿಕೊಡಬೇಕಾಯಿತು. ಗೋಡೆ ಬಿಚ್ಚಲು ಕಾರ್ಯಾಗಾರದಿಂದ ಇಬ್ಬರನ್ನು ಕಳಿಸುತ್ತೇವೆ ಎಂದರು. ಬೇಡ ಎಂದೆ. ಮಂಡಿ ಬಗ್ಗಿಸಿ, ಎದೆಗೆ ಅವುಚಿಕೊಂಡು, ಅವರು ಕಲಿಸಿದ ಹಾಗೆಯೇ ಒಂದೊಂದಾಗಿ ಎತ್ತಿ ತಳ್ಳುಗಾಡಿಗೆ ಹಾಕಿದೆ. ಹನ್ನೆರಡನೆಯದಕ್ಕೆ ಉಸಿರು ಸಾಲದೆ ನೆಲದ ಮೇಲೆ ಕೂತೆ. ನನ್ನ ಶ್ವಾಸಕೋಶಕ್ಕೆ ಏನೂ ಆಗಿಲ್ಲ. ಇನ್ನೂ ಐವತ್ತು ಇಟ್ಟಿಗೆ ಉಳಿದಿದ್ದವು. ಅವನ್ನೆಲ್ಲ ಅವರು ಗುರುವಾರಕ್ಕೂ ಸೋಮವಾರಕ್ಕೂ ನಡುವೆ, ಯಾರ ಸಹಾಯವೂ ಇಲ್ಲದೆ, ನನ್ನ ಎಣಿಕೆಯನ್ನು ತಮ್ಮಿಂದ ಕಾಪಾಡಲು ಎದೆಗೆ ಒತ್ತಿಕೊಂಡು ಎತ್ತಿಟ್ಟಿದ್ದರು.

ಮಧ್ಯಾಹ್ನದ ಹೊತ್ತಿಗೆ ಗೋಡೆ ಹೋಯಿತು. ಹಳದಿ ಟೇಪಿನ ಎರಡು ಪಾದಗಳು ಉಳಿದವು. ಗೋಡೆಯ ಮರೆಯಿಂದ ಮೈ ಎಳ್ಳಷ್ಟೂ ಆಚೆ ಹೋಗದಿರಲೆಂದು ತಮಗೆ ತಾವೇ ಹಾಕಿಕೊಂಡ ಗುರುತು ಅದು. ಕುರ್ಚಿ ಇಡಲು ಜಾಗ ಇರಲಿಲ್ಲ. ನಾನು ಬೂಟು ಕಳಚಿ ಅದರ ಮೇಲೆ ನಿಂತೆ. ಪಾದ ನನ್ನದಕ್ಕಿಂತ ದೊಡ್ಡದು. ಕೈಯನ್ನು ಕವಾಟದ ಮೇಲಿಟ್ಟು, ಅಲುಗದೆ, ನಲವತ್ತು ನಿಮಿಷ ನಿಲ್ಲೋಣವೆಂದುಕೊಂಡೆ. ಹದಿನೇಳನೆಯ ನಿಮಿಷಕ್ಕೆ ಕಾಲು ಸೋತು, ಕವಾಟ ಹಿಡಿದುಕೊಂಡೇ ಕೂತುಬಿಟ್ಟೆ.